ಗಂಡ ಮನೆ ಬಿಟ್ಟ ಮೇಲೆ ಕ್ಯಾಮೆರಾ ಎಲ್ಲಿಗೆ ಹೋಗಬೇಕು?

(ಧಾರಾವಾಹಿಗಳನ್ನು ಕುರಿತ ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟುಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಧಾರಾವಾಹಿಯ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ಸಭೆ ಎರಡು ಪಂಗಡವಾಗುತ್ತದೆ. ಧಾರಾವಾಹಿ ನೋಡುವವರು ಒಂದು ಕಡೆ. ನೋಡುವುದೇ ಇಲ್ಲ ಅಂತ ಹೇಳಿಕೊಂಡು, ನಿನ್ನೆಯ ಕಂತಿನಲ್ಲಿ ಸೊಸೆ ಏನಂದಳು ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಬಲ್ಲವರು ಇನ್ನೊಂದು ಕಡೆ. ಇಬ್ಬರಿಗೂ ಇವತ್ತು ನನ್ನದು ಒಂದೇ ಪ್ರಶ್ನೆ. ಬಹಳ ವರ್ಷ ಸಂಸಾರ ಮಾಡಿದ ಗಂಡ ಒಂದು ದಿನ ಚಿಕ್ಕ ವಯಸ್ಸಿನವಳಿಗಾಗಿ ಮನೆ ಬಿಟ್ಟು ಹೋಗುತ್ತಾನೆ. ಅವನು ಬಾಗಿಲು ದಾಟಿದ ಮೇಲೆ ಕ್ಯಾಮೆರಾ ಅವನ ಹಿಂದೆ ಹೋಗಬೇಕೋ, ಒಳಗೇ ಉಳಿಯಬೇಕೋ?

ಒಳಗೇ ಉಳಿದ ಒಂದು ಧಾರಾವಾಹಿ ಮೆಕ್ಸಿಕೊದಲ್ಲಿ 1997ರಲ್ಲಿ ಬಂತು. ಹೆಸರು 'ಮಿರಾದಾ ದೆ ಮುಹೆರ್', ಅಂದರೆ ಹೆಣ್ಣಿನ ನೋಟ. ನಾಯಕಿ ಮಾರಿಯಾ ಇನೆಸ್‌ಗೆ ಐವತ್ತು ವರ್ಷ. ಗಂಡ ಇಗ್ನಾಸಿಯೊ ವಕೀಲ, ಕೈತುಂಬ ಸಂಪಾದನೆ. ಬೆಳೆದ ಮೂವರು ಮಕ್ಕಳು. ಮೇಲಿಂದ ಮಾಮಾ ಲೆನಾ, ಅಂದರೆ ಮಾರಿಯಾ ಇನೆಸಳ ಹೆತ್ತ ತಾಯಿ. ಲೋಕದ ನ್ಯಾಯವೆಲ್ಲ ತನ್ನ ಸೆರಗಿನ ಗಂಟಿನಲ್ಲಿದೆ ಅಂದುಕೊಂಡಾಕೆ. ಇಗ್ನಾಸಿಯೊ ತನಗಿಂತ ಬಹಳ ಚಿಕ್ಕವಳಾದ ಇನ್ನೊಬ್ಬಳ ಜೊತೆ ಹೋಗುತ್ತಾನೆ. ಇಲ್ಲಿಯತನಕ ಕಥೆ ನಮಗೆ ನಿಮಗೆ ಹೊಸದೇನಲ್ಲ. ಹೆಂಡತಿ ಅಳುತ್ತಾಳೆ, ದೇವರಿಗೆ ಹರಕೆ ಹೊರುತ್ತಾಳೆ, ಗಂಡ ಕೊನೆಗೆ ಬುದ್ಧಿ ಬಂದು ವಾಪಸ್ಸಾಗುತ್ತಾನೆ. ಆದರೆ ಇಲ್ಲಿ ಹಾಗಾಗುವುದಿಲ್ಲ. ಮೂವತ್ತು ದಾಟಿದ, ಬರವಣಿಗೆ ನಂಬಿ ಬದುಕುವ ಅಲೆಹಾಂದ್ರೊ ಸಾಲಸ್ ಅನ್ನುವವನು ಅವಳನ್ನು ಪ್ರೀತಿಸುತ್ತಾನೆ. ಅದಕ್ಕಿಂತ ಮುಖ್ಯ, ಅವಳು ಅವನನ್ನು ಪ್ರೀತಿಸುತ್ತಾಳೆ.

ಇದರಲ್ಲಿ ಏನು ಮಹಾ ಅನ್ನಿಸಬಹುದು. ಮಹಾ ಏನು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೆಕ್ಸಿಕೊದಲ್ಲಿ ದಿನವೂ ಬರುವ ಟೆಲೆನೊವೆಲಾ, ಅಂದರೆ ಅಲ್ಲಿನ ಟಿವಿ ಧಾರಾವಾಹಿ, ಶುರುವಾದದ್ದು 1958ರಲ್ಲಿ, 'ಸೆಂದಾ ಪ್ರೊಹಿಬಿದಾ'ದಿಂದ. ನಿಷಿದ್ಧ ಹಾದಿ ಅಂತ ಅರ್ಥ. ಬರೆದವರು ಫೆರ್ನಾಂದಾ ವಿಯೆಲಿ ಅನ್ನುವ ಹೆಂಗಸು, ದುಡ್ಡು ಹಾಕಿದ್ದು ಕೋಲ್ಗೇಟ್-ಪಾಮೋಲಿವ್ ಕಂಪನಿ. ಸೋಪು ಮಾರುವವರ ದುಡ್ಡಿನಲ್ಲಿ ಕಣ್ಣೀರಿನ ಕಥೆ, ಇದು ಎಲ್ಲ ದೇಶದಲ್ಲೂ ಒಂದೇ. ಆಗ ಅದು ನೇರ ಪ್ರಸಾರ. ನಟರು ತಪ್ಪಿದರೆ ತಪ್ಪಿದ್ದೇ. ಸಣ್ಣ ಊರಿನಿಂದ ರಾಜಧಾನಿಗೆ ಬಂದ ಹುಡುಗಿಯೊಬ್ಬಳು ಆಫೀಸಿನಲ್ಲಿ ಸೆಕ್ರೆಟರಿಯಾಗಿ ಸೇರಿ, ಮದುವೆಯಾದ ಸಾಹೇಬನನ್ನು ಬಲೆಗೆ ಹಾಕಿಕೊಳ್ಳುತ್ತಾಳೆ. ಆ ಪಾತ್ರ ಮಾಡಿದ ಸಿಲ್ವಿಯಾ ದೆರ್ಬೆಸ್‌ಗೆ ಬೀದಿಯಲ್ಲಿ ಹೋಗುವಾಗ ಹೆಂಗಸರಿಂದ ಬೈಗುಳ ಬೀಳುತ್ತಿತ್ತಂತೆ. ('ಕೋಡಾ' ಚಿತ್ರದಲ್ಲಿ ಸಂಗೀತದ ಮೇಷ್ಟ್ರಾಗಿ ಬರುವ ಯುಹೆನಿಯೊ ದೆರ್ಬೆಸ್ ಈಕೆಯ ಮಗ.) ಅಂದರೆ ಮೊಟ್ಟಮೊದಲ ದಿನದಿಂದಲೂ ಈ ಕಲೆಯ ಕಣ್ಣು ಮನೆ ಒಡೆದ ಚಿಕ್ಕವಳ ಮೇಲೇ ಇತ್ತು. ಮನೆಯಲ್ಲಿ ಉಳಿದ ಹೆಂಡತಿ ಸಜ್ಜನಳು, ಪಾಪದವಳು, ಅಷ್ಟೇ. ಅವಳಿಗೆ ಮರುಕ ಸಿಗುತ್ತಿತ್ತು, ಕಥೆ ಸಿಗುತ್ತಿರಲಿಲ್ಲ.

ಆಮೇಲೆ ಬಂದದ್ದು ಬಡ ಹುಡುಗಿ ಮತ್ತು ಶ್ರೀಮಂತ ಹುಡುಗನ ಯುಗ. 1973ರಲ್ಲಿ ಟೆಲೆವೀಸಾ ಅನ್ನುವ ಟಿವಿ ಕಂಪನಿ ಹುಟ್ಟಿತು. ಇಡೀ ದೇಶದ ಕಣ್ಣೀರಿನ ಗುತ್ತಿಗೆ ಹೆಚ್ಚುಕಮ್ಮಿ ಅದೊಂದರ ಕೈಗೇ ಹೋಯಿತು. 1979ರಲ್ಲಿ ಅದು ಮಾಡಿದ 'ಲೋಸ್ ರಿಕೋಸ್ ತಾಂಬಿಯೆನ್ ಯೋರಾನ್', ಶ್ರೀಮಂತರೂ ಅಳುತ್ತಾರೆ, ಹತ್ತಾರು ದೇಶ ಸುತ್ತಿತು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ದಿನಗಳಲ್ಲಿ ರಷ್ಯಾದ ಜನ ಅದನ್ನು ಬಿಡದೆ ನೋಡಿದರು. ನಾಯಕಿ ವೆರೊನಿಕಾ ಕಾಸ್ತ್ರೊ ಮಾಸ್ಕೋಗೆ ಹೋದಾಗ ದೊಡ್ಡ ಸ್ವಾಗತ ಸಿಕ್ಕಿತು. ನಮ್ಮ ವಿಷಯಕ್ಕೆ ಬಹಳ ಬೇಕಾದ ಒಂದು ಸಂಗತಿ ಇದರಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕಥೆಯಲ್ಲಿ ನಾಯಕಿ ಮರಿಯಾನಾ ಬುದ್ಧಿ ಕಂಗೆಟ್ಟ ಹೊತ್ತಿನಲ್ಲಿ ತನ್ನ ಹಸುಗೂಸನ್ನು ಲಾಟರಿ ಟಿಕೆಟ್ ಮಾರುವ ಹೆಂಗಸಿನ ಕೈಗೆ ಕೊಟ್ಟುಬಿಡುತ್ತಾಳೆ. ಆಮೇಲೆ ವರ್ಷಗಟ್ಟಲೆ ಆ ಮಗನಿಗಾಗಿ ಹುಡುಕಾಟ. ಕೊನೆಗೆ ಬೇತೊ ಅನ್ನುವ ಹುಡುಗ ಸಿಗುತ್ತಾನೆ, ಅವನೇ ತನ್ನ ಮಗ ಅಂತ ಅವಳಿಗೆ ಗೊತ್ತಾಗುತ್ತದೆ. ಆದರೆ ಗಂಡನಿಗೆ ಹೇಳುವ ಧೈರ್ಯವಿಲ್ಲ. ಗುಟ್ಟಾಗಿ ಹೋಗಿ ನೋಡುತ್ತಾಳೆ, ತಲೆ ಸವರುತ್ತಾಳೆ, ದುಡ್ಡು ಕೊಡುತ್ತಾಳೆ. ನೋಡುವ ಜನಕ್ಕೆ ಎಲ್ಲ ಗೊತ್ತು, ಗಂಡನಿಗೆ ಮಾತ್ರ ಗೊತ್ತಿಲ್ಲ. ಅವನ ಕಣ್ಣಿಗೆ ಕಾಣುವುದೇನು? ವಯಸ್ಸಾಗುತ್ತಿರುವ ಹೆಂಡತಿ, ಒಬ್ಬ ಹರೆಯದ ಹುಡುಗ. ಪಿಸ್ತೂಲು ಹಿಡಿದು ಬರುತ್ತಾನೆ. ಇವನು ನಿನ್ನ ಮಗ ಅನ್ನುವ ಸತ್ಯ ಆಗ ಹೊರಬೀಳುತ್ತದೆ, ಅಪ್ಪ ಮಗ ತಬ್ಬಿಕೊಳ್ಳುತ್ತಾರೆ, ಕಥೆ ಮುಗಿಯುತ್ತದೆ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ನಡುವಯಸ್ಸಿನ ಹೆಣ್ಣು ಮತ್ತು ಯುವಕ ಒಬ್ಬರನ್ನೊಬ್ಬರು ತಬ್ಬಿಕೊಂಡ ಚಿತ್ರ 1979ರಲ್ಲೇ ಪರದೆಯ ಮೇಲಿದೆ. ಅವರಿಬ್ಬರ ನಡುವೆ ಏನೋ ಇದೆ ಅನ್ನುವ ಅನುಮಾನವನ್ನೂ ಕಥೆಯೇ ಎಬ್ಬಿಸುತ್ತದೆ. ಹಾಗೆ ಎಬ್ಬಿಸಿ ರಂಜಿಸಿ, ಕೊನೆಗೆ ಇದು ತಾಯಿ ಪ್ರೀತಿ ಕಣ್ರೀ ಅಂತ ಎಲ್ಲರ ಪಾಪವನ್ನೂ ತೊಳೆದುಬಿಡುತ್ತದೆ. ಆ ಅಪ್ಪುಗೆಗೆ ಬೇರೆ ಅರ್ಥ ಇರುವುದಕ್ಕೆ ಆಗ ಅವಕಾಶವಿರಲಿಲ್ಲ.

ತಮಾಷೆ ಇನ್ನೂ ಮುಂದಿದೆ. ಆ ತಾಯಿಯಾಗಿದ್ದ ವೆರೊನಿಕಾ ಕಾಸ್ತ್ರೊ ಹುಟ್ಟಿದ್ದು 1952ರಲ್ಲಿ, ಮಗನಾಗಿದ್ದ ಗಿಯೆರ್ಮೊ ಕಪೆತಿಯೊ ಹುಟ್ಟಿದ್ದು 1958ರಲ್ಲಿ. ತಾಯಿ ಮಗನ ನಡುವೆ ಆರು ವರ್ಷ! ಇದೇ ಇಬ್ಬರು 1987ರಲ್ಲಿ 'ರೋಸಾ ಸಾಲ್ವಾಹೆ' ಅನ್ನುವ ಇನ್ನೊಂದು ಧಾರಾವಾಹಿಯಲ್ಲಿ ನಾಯಕ ನಾಯಕಿಯಾದರು, ಅವಳು ಗಂಡುಬೀರಿ ಬಡ ಹುಡುಗಿ, ಅವನು ಶ್ರೀಮಂತ ಮನೆಯ ಮಗ. ಹಿಂದೆ ಅಮ್ಮಾ ಅಂದವನು ಈಗ ಪ್ರೇಮಿಯಾದ, ಜನ ಎರಡನ್ನೂ ಒಪ್ಪಿಕೊಂಡು ನೋಡಿದರು. ಅಂದಮೇಲೆ ಪರದೆಯ ಮೇಲೆ ಹೆಣ್ಣಿನ ವಯಸ್ಸು ಜನ್ಮಪತ್ರಿಕೆಯಿಂದ ಬರುವುದಿಲ್ಲ. ಕಥೆ ಅವಳನ್ನು ತಾಯಿ ಅಂದರೆ ಅವಳಿಗೆ ವಯಸ್ಸಾಯಿತು, ಹುಡುಗಿ ಅಂದರೆ ಮೂವತ್ತೈದರಲ್ಲೂ ಹುಡುಗಿ. ಎರಡರ ನಡುವೆ ಇನ್ನೊಂದು ಜಾಗವೇ ಇರಲಿಲ್ಲ. 'ಮಿರಾದಾ ದೆ ಮುಹೆರ್' ಆ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿತು.

ಅದು ಟೆಲೆವೀಸಾದ ಅಂಗಳದಲ್ಲಿ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಸರ್ಕಾರದ ಕೈಲಿದ್ದ ಚಾನೆಲ್‌ಗಳನ್ನು 1993ರಲ್ಲಿ ಖಾಸಗಿಯವರಿಗೆ ಮಾರಿದರು, ಟಿವಿ ಅಸ್ತೆಕಾ ಶುರುವಾದದ್ದು ಹಾಗೆ. ದೊಡ್ಡ ಅಂಗಡಿಯ ಎದುರಿಗೆ ಹೊಸ ಅಂಗಡಿ ತೆರೆದವನು ಅದೇ ಸರಕು ಇಟ್ಟರೆ ಯಾರು ಬರುತ್ತಾರೆ? ಅವರು ಆರ್ಗೋಸ್ ಅನ್ನುವ ನಿರ್ಮಾಣ ಸಂಸ್ಥೆಯ ಜೊತೆ ಸೇರಿದರು. ಆರ್ಗೋಸ್ ಕಟ್ಟಿದವರಲ್ಲಿ ಎಪಿಗ್ಮೆನಿಯೊ ಇಬಾರ್ರಾ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಲ್ಲಿ ಕ್ಯಾಮೆರಾ ಹೊತ್ತು ಓಡಾಡಿದ ಪತ್ರಕರ್ತ. ಕಾರ್ಲೋಸ್ ಪಾಯಾನ್ 'ಲಾ ಹೊರ್ನಾದಾ' ಪತ್ರಿಕೆಯ ಸ್ಥಾಪಕ ಸಂಪಾದಕ. ಯುದ್ಧ ವರದಿಗಾರ, ಎಡಪಂಥದ ಸಂಪಾದಕ, ಇವರು ಸೇರಿ ಸಂಜೆಯ ಧಾರಾವಾಹಿ ಮಾಡುತ್ತಾರೆ ಅಂದರೆ ನಮ್ಮಲ್ಲಿ ನಕ್ಕುಬಿಡುತ್ತಿದ್ದೆವು. 1996ರಲ್ಲಿ 'ನಾದಾ ಪೆರ್ಸೊನಾಲ್' ಅಂತ ಭ್ರಷ್ಟ ಪೊಲೀಸರ, ರಾಜಕಾರಣಿಗಳ ಕಥೆ ಮಾಡಿ ಗೆದ್ದರು. ಮರುವರ್ಷ ಮನೆಯೊಳಕ್ಕೆ ಬಂದರು.

ಮೂಲ ಕಥೆ ಮೆಕ್ಸಿಕೊದ್ದಲ್ಲ. ಕೊಲಂಬಿಯಾದಲ್ಲಿ 1993ರಲ್ಲಿ ಬಂದಿದ್ದ 'ಸೆನ್ಯೋರಾ ಇಸಾಬೆಲ್', ಬರೆದವರು ಬೆರ್ನಾರ್ದೊ ರೊಮೆರೊ ಪೆರೆಯ್ರೊ ಮತ್ತು ಮೋನಿಕಾ ಅಗುದೆಲೊ. ಮೆಕ್ಸಿಕೊದವರು ಅದನ್ನು ತಂದು ತಮ್ಮ ರಾಜಧಾನಿಯ ಮೇಲ್ಮಧ್ಯಮ ವರ್ಗದ ಮನೆಯಲ್ಲಿ ಕೂರಿಸಿದರು.

1997 ಅಂದರೆ ಎಂಥ ವರ್ಷ? ಎರಡೂವರೆ ವರ್ಷದ ಹಿಂದೆ ಅಲ್ಲಿನ ನಾಣ್ಯ ಪೆಸೊದ ಬೆಲೆ ಬಿದ್ದು ಮಧ್ಯಮ ವರ್ಗದ ಸಾಲ, ಉಳಿತಾಯ ಎಲ್ಲ ತಲೆಕೆಳಗಾಗಿತ್ತು. ಏಪ್ರಿಲ್‌ನಲ್ಲಿ ಟೆಲೆವೀಸಾದ ಒಡೆಯ, ಹುಲಿ ಅಂತಲೇ ಹೆಸರಾಗಿದ್ದ ಎಮಿಲಿಯೊ ಅಸ್ಕಾರ್ರಗಾ ಮಿಲ್ಮೊ ತೀರಿಕೊಂಡ. ಜುಲೈನಲ್ಲಿ, ಏಳು ದಶಕದಿಂದ ಅಲುಗಾಡದೆ ಆಳುತ್ತಿದ್ದ ಪಕ್ಷ ಕೆಳಮನೆಯಲ್ಲಿ ಮೊದಲ ಬಾರಿ ಬಹುಮತ ಕಳೆದುಕೊಂಡಿತು. ದೇಶದ ಯಜಮಾನಿಕೆ ಅಲುಗಿದ್ದರಿಂದ ಮನೆಯ ಯಜಮಾನಿಕೆಯ ಕಥೆಗೂ ದಾರಿಯಾಯಿತು ಅಂತ ವಿಮರ್ಶಕರು ಬರೆಯುವುದುಂಟು. ನನಗೆ ಇಂಥ ಜೋಡಣೆಗಳ ಮೇಲೆ ಪೂರ್ತಿ ನಂಬಿಕೆಯಿಲ್ಲ. ಕೊಲಂಬಿಯಾದಲ್ಲಿ ಅದೇ ಕಥೆ ಬಂದಾಗ ಅಲ್ಲಿ ಯಾವ ಪಕ್ಷ ಸೋತಿತ್ತು? ಜನಕ್ಕೆ ಬದಲಾವಣೆಯ ರುಚಿ ಹತ್ತಿತ್ತು ಅನ್ನುವಷ್ಟನ್ನು ಮಾತ್ರ ಒಪ್ಪುತ್ತೇನೆ.

ಕಾನೂನಿನ ಅಡ್ಡಿಯೇನೂ ಇರಲಿಲ್ಲ ಅನ್ನುವುದು ನೆನಪಿರಲಿ. ಮೆಕ್ಸಿಕೊದಲ್ಲಿ ವಿಚ್ಛೇದನ ಕ್ರಾಂತಿಯ ಕಾಲದಿಂದ, 1914ರಿಂದ ಇದೆ. ಬಿಟ್ಟು ಹೋದ ಗಂಡನನ್ನು ಕೋರ್ಟಿನಲ್ಲೂ ಬಿಡಬಹುದಿತ್ತು. ಅಡ್ಡಿಯಿದ್ದದ್ದು ಊಟದ ಮೇಜಿನಲ್ಲಿ.

ಆ ಮೇಜಿನ ಸುತ್ತ ಮೂರು ತಲೆಮಾರು ಕೂತಿವೆ. ತಲೆಮಾರು ಮೀರಿದ ಪ್ರೇಮ ಅಂದಾಗ ನಮಗೆ ಥಟ್ಟನೆ ಹೊಳೆಯುವುದು ಪ್ರೇಮಿಗಳ ವಯಸ್ಸಿನ ಅಂತರ. ಈ ಧಾರಾವಾಹಿಯ ಜೀವ ಅಲ್ಲಿಲ್ಲ ಅಂತ ನನ್ನ ಅನಿಸಿಕೆ. ಮಾರಿಯಾ ಇನೆಸ್‌ಗೆ ನಿಜವಾಗಿ ಉತ್ತರ ಕೊಡಬೇಕಾಗಿರುವುದು ಅಲೆಹಾಂದ್ರೊಗಲ್ಲ, ತನ್ನ ಮೇಲಿನವರಿಗೆ ಮತ್ತು ಕೆಳಗಿನವರಿಗೆ. ತಾಯಿಗೆ ಮಗಳಾಗಿ, ಮಕ್ಕಳಿಗೆ ತಾಯಿಯಾಗಿ. ಗಂಡ ಹೊರಗೆ ಹೋಗಿದ್ದನ್ನು ಮಕ್ಕಳು ಹೇಗೋ ನುಂಗಿಕೊಳ್ಳುತ್ತಾರೆ. ಅಪ್ಪ ಗಂಡಸು, ಗಂಡಸರು ಹೀಗೇ. ಅಮ್ಮ ನಗುತ್ತಾ ಮನೆಗೆ ಬಂದದ್ದನ್ನು ನುಂಗಿಕೊಳ್ಳುವುದು ಮಾತ್ರ ಕಷ್ಟ. ಬೆಳೆದ ಮಕ್ಕಳು, ತಾವೇ ಪ್ರೀತಿ ಪ್ರೇಮ ಅಂತ ಓಡಾಡುತ್ತಿರುವವರು, ತಾಯಿಯ ವಿಷಯ ಬಂದ ಕೂಡಲೇ ಅಜ್ಜಿಗಿಂತ ಹಳಬರಾಗಿಬಿಡುತ್ತಾರೆ. ಇದನ್ನು ನೋಡಲು ಮೆಕ್ಸಿಕೊಗೇ ಹೋಗಬೇಕಾಗಿಲ್ಲ ಅಂತ ಮುಂದಿನ ಸಾಲಿನಲ್ಲಿ ಯಾರೋ ತಲೆಯಾಡಿಸುತ್ತಿದ್ದೀರಿ.

ಕಿರಿಮಗಳು ಮೋನಿಕಾ ಪಾತ್ರ ಮಾಡಿದ ಹುಡುಗಿಯನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಬಾರ್ಬರಾ ಮೋರಿ. 2010ರ ಹಿಂದಿ ಚಿತ್ರ 'ಕೈಟ್ಸ್‌'ನಲ್ಲಿ ಹೃತಿಕ್ ರೋಷನ್ ಜೊತೆ ಇದ್ದವಳು. ಆ ಚಿತ್ರದ ವಿಷಯ ಬೇಡ ಬಿಡಿ.

ಮಾರಿಯಾ ಇನೆಸ್ ಆದವರು ಆಂಹೆಲಿಕಾ ಆರಾಗೊನ್. ಹುಟ್ಟಿದ್ದು 1953ರಲ್ಲಿ, ಅಂದರೆ ಐವತ್ತರ ಹೆಂಗಸಾದಾಗ ಅವರಿಗೆ ಇನ್ನೂ 44. ಪ್ರೇಮಿಯಾದ ಆರಿ ತೆಲ್ಚ್ 1962ರವರು. ಇಲ್ಲೂ ನಟರ ನಡುವಿನ ಅಂತರ ಪಾತ್ರಗಳದ್ದಕ್ಕಿಂತ ಕಡಿಮೆ. ಚಾನೆಲ್‌ನವರ ಧೈರ್ಯಕ್ಕೂ ಒಂದು ಮಿತಿ ಇತ್ತು ಅಂತಿಟ್ಟುಕೊಳ್ಳೋಣ. ಆರಾಗೊನ್ ಲಂಡನ್ನಿನಲ್ಲಿ ನಾಟಕ ಕಲಿತು ಬಂದವರು, 1985ರಲ್ಲಿ ಟೆಲೆವೀಸಾದ 'ವಿವಿರ್ ಉನ್ ಪೋಕೊ'ದಲ್ಲಿ ಮನೆಮಾತಾದವರು. ಅವರ ಅಭಿನಯದಲ್ಲಿ ನನಗೆ ಇಷ್ಟವಾಗುವುದು ಅವಸರವಿಲ್ಲದ ಮುಖ. ಮೆಕ್ಸಿಕೊದ ಹಳೆಯ ಧಾರಾವಾಹಿಗಳಲ್ಲಿ ನಟರ ಕಿವಿಯೊಳಗೆ ಪುಟ್ಟ ಯಂತ್ರ ಇಟ್ಟು ಮಾತುಗಳನ್ನು ಹೇಳಿಕೊಡುವ ಪದ್ಧತಿ ಇತ್ತು. ಬಾಯಿಪಾಠದ ಶ್ರಮ ತಪ್ಪಿತು, ದಿನಕ್ಕೆ ಹೆಚ್ಚು ದೃಶ್ಯ ಮುಗಿಯಿತು. ಜೊತೆಗೆ ಮುಂದಿನ ಮಾತು ಕೇಳಿಸುವುದನ್ನೇ ಕಾಯುವ ಒಂದು ಬಗೆಯ ಖಾಲಿ ಕಣ್ಣೂ ಬಂತು. ಆರಾಗೊನ್ ಕಣ್ಣು ಹಾಗೆ ಖಾಲಿಯಾಗುವುದಿಲ್ಲ. ಆಕೆ ಸುಮ್ಮನಿದ್ದಾಗಲೂ ಎದುರಿನವರ ಮಾತು ಒಳಗೆ ಇಳಿಯುತ್ತಿರುವುದು ಕಾಣುತ್ತದೆ. ಗಂಡನಾದ ಫೆರ್ನಾಂದೊ ಲುಹಾನ್ ಮೆಕ್ಸಿಕೊದ ಹಳೇ ನಟ ಮನೆತನದವರು, ತಾಯಿ ಸೋಲೆರ್ ಕುಟುಂಬದ ಮರ್ಸೆದೆಸ್. ಆತ ಇಗ್ನಾಸಿಯೊನನ್ನು ರಾಕ್ಷಸನನ್ನಾಗಿ ಮಾಡದೆ, ತನಗೆ ಬೇಕಾದದ್ದು ತನಗೆ ಸಿಗಲೇಬೇಕು ಅಂತ ನಂಬಿ ಬೆಳೆದ ಸಾಮಾನ್ಯ ಗಂಡಸಾಗಿ ಮಾಡಿದರು. ಅದು ಇನ್ನೂ ಸಿಟ್ಟು ಬರಿಸುತ್ತದೆ.

ಕೊರತೆಯೂ ಇದೆ. ಈ ಹೆಂಗಸಿಗೆ ಅಕ್ಕಿ ಬೇಳೆಯ ಚಿಂತೆಯಿಲ್ಲ. ಅವಳ ಸಂಕಟವೆಲ್ಲ ವಯಸ್ಸಿನದು, ಮರ್ಯಾದೆಯದು, ಒಂಟಿತನದ್ದು. ಅದೇ ಊರಿನ ಇನ್ನೊಂದು ತುದಿಯಲ್ಲಿ ಐವತ್ತರ ಹೆಂಗಸನ್ನು ಗಂಡ ಬಿಟ್ಟು ಹೋದರೆ ಮೊದಲು ಬರುವವನು ಪ್ರೇಮಿಯಲ್ಲ, ಬಾಡಿಗೆ ಕೇಳುವವನು. ಟೆಲೆನೊವೆಲಾ ಬಡ ಹುಡುಗಿಯನ್ನು ಬೇಕಾದಷ್ಟು ತೋರಿಸಿದೆ, ಬಡ ಐವತ್ತನ್ನು ತೋರಿಸಿದ್ದು ಕಡಿಮೆ.

2003ರಲ್ಲಿ ಇದರ ಮುಂದುವರಿದ ಭಾಗ ಬಂತು. ಮೊದಲಿನ ಬಿಸಿ ಅದಕ್ಕೆ ಹತ್ತಲಿಲ್ಲ. 2007ರಲ್ಲಿ ಅಮೆರಿಕದ ಸ್ಪ್ಯಾನಿಷ್ ಚಾನೆಲ್ ಟೆಲೆಮುಂಡೊ ಇದೇ ಕಥೆಯನ್ನು 'ವಿಕ್ತೋರಿಯಾ' ಅಂತ ಮಾಡಿತು. 2021ರಲ್ಲಿ 'ಸಿ ನೋಸ್ ದೆಹಾನ್' ಅಂತ ಮತ್ತೆ ಬಂತು, ಈ ಸಲ ತೋರಿಸಿದ್ದು ಅದೇ ಟೆಲೆವೀಸಾ. ಆ ಹೊತ್ತಿಗೆ ಪರದೆಯ ಐವತ್ತು ನುಣುಪಾಗಿ ಮೂವತ್ತೈದರ ಹಾಗೆ ಕಾಣುತ್ತಿತ್ತು. ಅವಳನ್ನು ಒಬ್ಬ ಯುವಕ ಪ್ರೀತಿಸಿದರೆ ಯಾರಿಗೆ ಆಶ್ಚರ್ಯ?

ಇನ್ನು, ನಮಗೂ ಮೆಕ್ಸಿಕೊಗೂ ಏನು ಸಂಬಂಧ ಅಂತ ಕೇಳುವವರಿಗೆ. ನಮ್ಮ ಟಿವಿ ಧಾರಾವಾಹಿಯ ಬೇರೇ ಅಲ್ಲಿದೆ. ಮೆಕ್ಸಿಕೊದ ಮಿಗೆಲ್ ಸಾಬಿದೊ ಎಪ್ಪತ್ತರ ದಶಕದಲ್ಲಿ ಅಕ್ಷರ ಕಲಿಯಿರಿ, ಕುಟುಂಬ ಯೋಜನೆ ಮಾಡಿಕೊಳ್ಳಿ ಅನ್ನುವುದನ್ನೆಲ್ಲ ಧಾರಾವಾಹಿಯ ಕಣ್ಣೀರಿನಲ್ಲಿ ಕಲಸಿ ಕೊಟ್ಟ. 1977ರ 'ಅಕೊಂಪಾನ್ಯಾಮೆ' ಅಂಥದ್ದು. ನಮ್ಮ ವಾರ್ತಾ ಸಚಿವರಾಗಿದ್ದ ವಸಂತ ಸಾಠೆ ಮೆಕ್ಸಿಕೊಗೆ ಹೋಗಿ ಅದನ್ನು ತಿಳಿದುಕೊಂಡು ಬಂದರು. 1984ರ ಜುಲೈನಲ್ಲಿ ದೂರದರ್ಶನದಲ್ಲಿ ಮನೋಹರ ಶ್ಯಾಮ ಜೋಶಿ ಬರೆದ 'ಹಮ್ ಲೋಗ್' ಶುರುವಾಯಿತು, ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಕುಟುಂಬ ಯೋಜನೆಯ ಪಾಠಕ್ಕಿಂತ ಕಥೆಯ ಹಿರಿಮಗಳು ಬಡಕಿಯ ಮದುವೆ ಏನಾಯಿತು ಅನ್ನುವುದೇ ಜನಕ್ಕೆ ಮುಖ್ಯವಾಯಿತು ಅನ್ನುವುದು ಬೇರೆ ಮಾತು.

ವಯಸ್ಸಿನ ಅಂತರದ ಪ್ರೇಮವೂ ನಮ್ಮಲ್ಲಿ ಬಂದಿದೆ. 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಜೊತೆ ಜೊತೆಯಲಿ'ಯನ್ನು ಮರೆತವರಿಲ್ಲ. ನಲವತ್ತೈದರ ಆರ್ಯವರ್ಧನ್, ಇಪ್ಪತ್ತರ ಅನು. ಮರಾಠಿಯ 'ತುಲಾ ಪಾಹತೇ ರೇ'ಯಿಂದ ಬಂದದ್ದು. ಜನ ಮೆಚ್ಚಿದರು. ಆದರೆ ಅಲ್ಲಿ ದೊಡ್ಡವನು ಗಂಡು, ಸಾಲದ್ದಕ್ಕೆ ಕೋಟ್ಯಧಿಪತಿ. ಅಷ್ಟಿದ್ದೂ ಕಥೆಗೆ ಸಮಾಧಾನವಾಗಲಿಲ್ಲ, ಅನು ಹಿಂದಿನ ಜನ್ಮದಲ್ಲಿ ಅವನ ಹೆಂಡತಿ ರಾಜನಂದಿನಿಯಾಗಿದ್ದಳು ಅಂತಾಯಿತು. ಮೆಕ್ಸಿಕೊದವರು 1979ರಲ್ಲಿ ತಾಯ್ತನದಿಂದ ತೊಳೆದದ್ದನ್ನು ನಾವು ಪುನರ್ಜನ್ಮದಿಂದ ತೊಳೆದೆವು. ಸುಧಾರಾಣಿಯವರ 'ಶ್ರೀರಸ್ತು ಶುಭಮಸ್ತು' ನಡುವಯಸ್ಸು ದಾಟಿದ ತುಳಸಿಗೆ ಎರಡನೇ ಮದುವೆ ಮಾಡಿಸಿತು, ಅದು ಸಣ್ಣ ಮಾತಲ್ಲ. ಆದರೆ ಮಾಧವನಿಗೂ ಅವಳಿಗೂ ವಯಸ್ಸಿನ ಲೆಕ್ಕ ಸರಿಹೋಗುತ್ತದೆ.

ಮಾತಿನ ಕೊನೆಗೆ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಇದನ್ನ ಕನ್ನಡದಲ್ಲಿ ಮಾಡೋದಾದ್ರೆ ಜನ ಒಪ್ತಾರೇನ್ರೀ? ಅಮ್ಮನ ಪಾತ್ರ ಮಾಡೋರು ಪ್ರೀತಿ ಮಾಡಿದ್ರೆ?"

ನಾನು ಹೇಳಿದ್ದು ಇಷ್ಟು. ನಟಿಯರಿಗೆ ಬರವಿಲ್ಲ. ಸಂಜೆ ಹೊತ್ತು ನಾಯಕನ ತಾಯಿಯಾಗಿ ತಟ್ಟೆಗೆ ಅನ್ನ ಬಡಿಸುತ್ತಾ ನಿಂತಿರುವವರಲ್ಲೇ ನಾಲ್ಕಾರು ಜನ ಈ ಪಾತ್ರ ಮಾಡಬಲ್ಲರು. ಯುವಕನೂ ಸಿಗುತ್ತಾನೆ. ತೊಂದರೆ ಇರುವುದು ಮಾಮಾ ಲೆನಾಳನ್ನು ಬರೆಯುವುದರಲ್ಲಿ. ನಮ್ಮ ಬರಹಗಾರರು ಮೊದಲ ವಾರವೇ ಅವಳನ್ನು ಖಳನಾಯಕಿ ಮಾಡಿ, ಹುಬ್ಬೇರಿಸಿ, ಹಿನ್ನೆಲೆಯಲ್ಲಿ ಸಿಡಿಲು ಹೊಡೆಸಿಬಿಡುತ್ತಾರೆ. ಎವಾಂಹೆಲಿನಾ ಎಲಿಸೊಂದೊ ಮಾಡಿದ ಆ ಅಜ್ಜಿ ಕೆಟ್ಟ ಮಾತಾಡುತ್ತಾಳೆ, ಸಣ್ಣತನ ತೋರಿಸುತ್ತಾಳೆ, ಜನ ಅವಳನ್ನು ಕಂಡರೆ ಉರಿದುಬೀಳುತ್ತಿದ್ದರು, ಎಲ್ಲ ನಿಜ. ಆದರೆ ಅವಳಿಗೆ ಮಗಳ ಮೇಲಿರುವ ಸಿಟ್ಟಿನ ಅಡಿಯಲ್ಲಿ ಒಂದು ಲೆಕ್ಕ ಬಾಕಿ ಇರುವ ಹಾಗೆ ನನಗೆ ಕಾಣುತ್ತದೆ. ತಾನು ಸಹಿಸಿದ್ದೆಲ್ಲ ಧರ್ಮ ಅಂತ ನಂಬಿ ಮುದುಕಿಯಾದವಳು ಅವಳು. ಮಗಳು ಸಹಿಸದೆ ಎದ್ದು ಹೋದರೆ, ತಾನು ಸಹಿಸಿದ್ದು ಏನಾಗಿತ್ತು? ಆ ಪ್ರಶ್ನೆಯನ್ನು ಯಾರೂ ಕೇಳದಿರಲಿ ಅಂತಲೇ ಅವಳು ಅಷ್ಟು ಜೋರಾಗಿ ಕೂಗುತ್ತಾಳೆ.

"ಹಾಗಾದ್ರೆ ಕಥೆ ಆ ಅಜ್ಜಿದೇ ಅನ್ರೀ," ಅಂದರು ಅವರು. ಅರ್ಧ ಅವಳದೇ, ಅಂದೆ.